ಪರೇಲಿನ ಹರ್ಷಾ, ಕಲ್ಕತ್ತೆಯ ದುರ್ಗಾ

ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿದ್ದು ಎಲ್ಲಿ? ಮುಂಬಯಿಯಲ್ಲಿ ಮೂವತ್ತು ವರ್ಷ ಲೋಕಲ್ ಟ್ರೇನಿನಲ್ಲಿ ನೇತಾಡಿದ ನಮ್ಮಂಥವರನ್ನು ಕೇಳಿದರೆ ‘ನಮ್ಮ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ’ ಅಂತ ಥಟ್ಟನೆ ಹೇಳಿಬಿಡುತ್ತೇವೆ. ಇದೇ ಪ್ರಶ್ನೆಯನ್ನು ಒಬ್ಬ ಬಂಗಾಳಿಗೆ ಕೇಳಿ ನೋಡಿ, ‘ಕಲ್ಕತ್ತೆಯಲ್ಲಿ’ ಅನ್ನುತ್ತಾನೆ. ಇಬ್ಬರ ಬಳಿಯೂ ದಾಖಲೆ ಇದೆ. ಈ ಜಗಳವನ್ನು ಬಿಡಿಸಿದ ರೀತಿ ಮಾತ್ರ ಬಹಳ ಅಪರೂಪದ್ದು. ನಾನು ಬಿಕಾಂ ಓದಿ ಬ್ಯಾಂಕು ಸೇರಿದವನು, ಜೀವಶಾಸ್ತ್ರಕ್ಕೂ ನನಗೂ ಹತ್ತನೇ ಕ್ಲಾಸಿಗೇ ಸಂಬಂಧ ಮುಗಿದಿತ್ತು. ಆದರೆ ಇದು ಹಳೇ ಕಾಗದಪತ್ರಗಳ ವಿಷಯವೂ ಹೌದಾದ್ದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ನಮ್ಮ ಪರೇಲಿನ ಕತೆ. ಕೆಇಎಂ ಆಸ್ಪತ್ರೆ ಶುರುವಾದದ್ದು 1926ರಲ್ಲಿ, ಮಾತುಂಗದ ನಮ್ಮ ಮೈಸೂರು ಅಸೋಸಿಯೇಷನ್ ಹುಟ್ಟಿದ ವರ್ಷವೇ. ಮಿಲ್ ಕಾರ್ಮಿಕರು, ಹೋಟೆಲ್ ಹುಡುಗರು, ಚಾಳಿನ ಸಂಸಾರಗಳು, ಎಲ್ಲರಿಗೂ ಅದೇ ದೊಡ್ಡಾಸ್ಪತ್ರೆ. ಅದೇ ಪರೇಲಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ, ಅಂದರೆ ಐಸಿಎಂಆರ್‌ನ, ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯೂ ಇದೆ. ಆಗ ಅದರ ನಿರ್ದೇಶಕರಾಗಿದ್ದವರು ಡಾ. ಟಿ.ಸಿ. ಆನಂದ್ ಕುಮಾರ್. ಕೆಇಎಂನ ಸ್ತ್ರೀರೋಗ ತಜ್ಞೆ ಡಾ. ಇಂದಿರಾ ಹಿಂದೂಜಾ. ಇವರ ತಂಡ ದುಡಿದು 1986ರ ಆಗಸ್ಟ್ 6ರಂದು ಹರ್ಷಾ ಎಂಬ ಹೆಣ್ಣುಮಗು ಕೆಇಎಂನಲ್ಲಿ ಹುಟ್ಟಿತು. ಲಕ್ಷಗಟ್ಟಲೆ ಸುರಿಯಬೇಕಾದ ಖಾಸಗಿ ನರ್ಸಿಂಗ್ ಹೋಮಿನಲ್ಲಲ್ಲ, ಬಡವರು ಕೇಸ್ ಪೇಪರ್ ಹಿಡಿದು ಸಾಲು ನಿಲ್ಲುವ ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ! ಹರ್ಷಾ ದೊಡ್ಡವಳಾಗಿ ಮದುವೆಯಾಗಿ 2016ರಲ್ಲಿ ಮುಂಬಯಿಯಲ್ಲೇ ಗಂಡುಮಗುವಿನ ತಾಯಿಯಾದಳು. ಆ ಹೆರಿಗೆ ಮಾಡಿಸಿದವರೂ ಡಾ. ಹಿಂದೂಜಾ ಅವರೇ.

ಈಗ ಎಂಟು ವರ್ಷ ಹಿಂದೆ ಹೋಗೋಣ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು, ಜಗತ್ತಿನ ಮೊದಲ ಪ್ರನಾಳ ಶಿಶು. ಅದಾಗಿ ಎಪ್ಪತ್ತೇ ದಿನಕ್ಕೆ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಪೂಜೆಯ ಕಾಲ, ಮಗುವಿಗೆ ದುರ್ಗಾ ಎಂಬ ಹೆಸರೇ ಬಿತ್ತು. ಇದರ ಹಿಂದೆ ಇದ್ದವರು ಡಾ. ಸುಭಾಷ್ ಮುಖರ್ಜಿ. ಕಲ್ಕತ್ತೆಯಲ್ಲೊಂದು, ಎಡಿನ್‌ಬರೋದಲ್ಲೊಂದು ಪಿಎಚ್.ಡಿ. ಮಾಡಿ ಬಂದಿದ್ದವರು. ಜೊತೆಗೆ ಸುನೀತ್ ಮುಖರ್ಜಿ ಮತ್ತು ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ, ಒಟ್ಟು ಮೂರೇ ಜನ.

ಇಂಗ್ಲೆಂಡಿನವರು ಹೊಟ್ಟೆಗೆ ದುರ್ಬೀನು ಇಳಿಸಿ, ಆ ತಿಂಗಳು ತಾನಾಗಿ ಬಲಿತ ಒಂದೇ ಅಂಡವನ್ನು ತೆಗೆದಿದ್ದರು. ಮುಖರ್ಜಿಯವರು ಹಾರ್ಮೋನು ಕೊಟ್ಟು ಹೆಚ್ಚು ಅಂಡಗಳು ಬಲಿಯುವಂತೆ ಮಾಡಿ, ಯೋನಿಮಾರ್ಗದಿಂದಲೇ ಅವನ್ನು ತೆಗೆದರು. ಎಲ್ಲಕ್ಕಿಂತ ದೊಡ್ಡದು, ಭ್ರೂಣವನ್ನು ಹೆಪ್ಪುಗಟ್ಟಿಸಿ 53 ದಿನ ಕಾಪಾಡಿಟ್ಟು, ಆಮೇಲೆ ಕರಗಿಸಿ, ತಾಯಿಯ ಗರ್ಭಕ್ಕೆ ಸೇರಿಸಿದರು. ಹಾರ್ಮೋನು ಕೊಟ್ಟ ತಿಂಗಳಲ್ಲಿ ಗರ್ಭಕೋಶದ ಒಳಪದರ ಹದವಾಗಿರುವುದಿಲ್ಲ, ಒಂದೆರಡು ತಿಂಗಳು ಬಿಟ್ಟು ಸಹಜ ಋತುಚಕ್ರದಲ್ಲಿ ಸೇರಿಸಿದರೆ ನಿಲ್ಲುತ್ತದೆ ಎಂಬುದು ಅವರ ತರ್ಕ. ಹೊರದೇಶದಲ್ಲಿ ಹೆಪ್ಪುಗಟ್ಟಿಸಿಟ್ಟ ಭ್ರೂಣದಿಂದ ಮಗು ಹುಟ್ಟಿದ್ದು 1984ರಲ್ಲಿ, ಆಸ್ಟ್ರೇಲಿಯಾದಲ್ಲಿ. ನಮ್ಮವರು ಆರು ವರ್ಷ ಮುಂದಿದ್ದರು.

ಹೆಪ್ಪುಗಟ್ಟಿಸುವುದು ಅಂದರೆ ಫ್ರಿಜ್ಜಿನಲ್ಲಿ ಇಡುವಷ್ಟು ಸುಲಭವಲ್ಲ ಮಾರಾಯ್ರೇ. ಗಾಜಿನ ಬಾಟಲಿ ತುಂಬ ನೀರು ತುಂಬಿಸಿ ಫ್ರೀಜರಿನಲ್ಲಿ ಮರೆತರೆ ಏನಾಗುತ್ತದೆ? ನೀರು ಮಂಜಾಗುವಾಗ ಹಿಗ್ಗಿ ಬಾಟಲಿ ಒಡೆಯುತ್ತದೆ. ಜೀವಕೋಶದ ಒಳಗೆ ಇರುವುದೂ ಹೆಚ್ಚಿನಂಶ ನೀರೇ. ಅದು ಮಂಜಿನ ಹರಳಾದರೆ ಕೋಶ ಹರಿದುಹೋಗುತ್ತದೆ. ಅದಕ್ಕೇ ಆ ನೀರಿನ ಜಾಗಕ್ಕೆ ಒಂದು ರಕ್ಷಕ ದ್ರವ ಸೇರಿಸಬೇಕು. ಮುಖರ್ಜಿ ತಂಡ ಬಳಸಿದ್ದು ಡಿಎಂಎಸ್‌ಒ ಎಂಬ ರಾಸಾಯನಿಕ. ಈಗಿನ ಪ್ರಯೋಗಾಲಯಗಳಲ್ಲಿ ಭ್ರೂಣಗಳು ಸೊನ್ನೆಗಿಂತ 196 ಡಿಗ್ರಿ ಕೆಳಗೆ, ದ್ರವ ಸಾರಜನಕದಲ್ಲಿ ಮಲಗಿರುತ್ತವೆ.

ಇದೆಲ್ಲ ನಮಗೇಕೆ ಅಂತೀರಾ? ಕೆಇಎಂನಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಟಾಟಾ ಮೆಮೋರಿಯಲ್ ಆಸ್ಪತ್ರೆ ಇದೆ. ಊರಿನಿಂದ ಕ್ಯಾನ್ಸರ್ ಚಿಕಿತ್ಸೆಗೆ ಬರುವವರು ಉಳಿದುಕೊಳ್ಳುವುದು ನಮ್ಮ ನಿಮ್ಮ ಮನೆಗಳಲ್ಲೇ ತಾನೆ. ಡೊಂಬಿವಲಿಯ ನಮ್ಮ ಒಂದೂವರೆ ಕೋಣೆಯ ಮನೆಯಲ್ಲೂ ದೂರದ ಸಂಬಂಧದ ಹುಡುಗಿಯೊಬ್ಬಳು ತಾಯಿಯೊಡನೆ ನಾಲ್ಕು ತಿಂಗಳು ಇದ್ದಳು. ರಾತ್ರಿ ಅಡುಗೆಮನೆಯಲ್ಲಿ ಆ ತಾಯಿ ನನ್ನ ಹೆಂಡತಿಯ ಹತ್ತಿರ ಕೇಳಿದ್ದು ಒಂದೇ ಮಾತು, ‘ಅಕ್ಕಾ, ಇವಳಿಗೆ ಮುಂದೆ ಮಕ್ಕಳಾದೀತಾ?’ ಕೀಮೋಥೆರಪಿಯ ಕೆಲವು ಔಷಧಗಳು ಅಂಡಾಶಯವನ್ನೇ ಬತ್ತಿಸಬಲ್ಲವು, ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಈಗ ಅದಕ್ಕೊಂದು ದಾರಿ ಇದೆ. ದೊಡ್ಡವರಾದರೆ ಅಂಡವನ್ನೋ ಭ್ರೂಣವನ್ನೋ ಮೊದಲೇ ತೆಗೆದಿಡಬಹುದು. ಇನ್ನೂ ಮೈನೆರೆಯದ ಹುಡುಗಿಯರಲ್ಲಿ ಅಂಡ ತೆಗೆಯಲು ಬರುವುದಿಲ್ಲ, ಆಗ ಅಂಡಾಶಯದ ತುಣುಕನ್ನೇ ಹೆಪ್ಪುಗಟ್ಟಿಸಿಟ್ಟು, ಗುಣವಾದ ಮೇಲೆ ಮತ್ತೆ ಕಸಿ ಮಾಡುತ್ತಾರೆ. ಹೀಗೆ ಕಸಿ ಮಾಡಿದ ತುಣುಕಿನಿಂದ ಮೊದಲ ಮಗು ಹುಟ್ಟಿದ್ದು 2004ರಲ್ಲಿ, ಬೆಲ್ಜಿಯಂನಲ್ಲಿ. ಎಲ್ಲರಿಗೂ ಇದು ಒಗ್ಗುವುದಿಲ್ಲ, ಎಲ್ಲ ಕಡೆ ಸಿಗುವುದೂ ಇಲ್ಲ. ಆದರೆ ಕೇಳುವುದಿದ್ದರೆ ಚಿಕಿತ್ಸೆ ಶುರುವಾಗುವ ಮೊದಲೇ ಕೇಳಬೇಕು. ನಿಮ್ಮ ಮನೆಗೆ ಯಾರಾದರೂ ಬಂದಿಳಿದರೆ ಇಷ್ಟನ್ನು ಅವರ ಕಿವಿಗೆ ಹಾಕಿ.

ಇರಲಿ, ಕಲ್ಕತ್ತೆಗೆ ಮರಳೋಣ. ಇಷ್ಟೆಲ್ಲ ಮಾಡಿದ ಮುಖರ್ಜಿಯವರಿಗೆ ಸಿಕ್ಕಿದ್ದೇನು? ರಾಜ್ಯ ಸರಕಾರ 1978ರ ನವೆಂಬರ್‌ನಲ್ಲಿ ಒಂದು ವಿಚಾರಣಾ ಸಮಿತಿ ನೇಮಿಸಿತು, ಸಮಿತಿ ಇದೆಲ್ಲ ನಂಬಲಾಗದ್ದು ಅಂದುಬಿಟ್ಟಿತು. ಜಪಾನಿನಿಂದ ಉಪನ್ಯಾಸಕ್ಕೆ ಕರೆ ಬಂದರೆ ಹೋಗಲು ಅನುಮತಿ ಇಲ್ಲ. 1981ರಲ್ಲಿ ಅವರನ್ನು ವರ್ಗ ಮಾಡಿದ್ದು ಎಲ್ಲಿಗೆ ಗೊತ್ತೇ? ಕಣ್ಣಿನ ಚಿಕಿತ್ಸಾ ಸಂಸ್ಥೆಗೆ! ಸರಕಾರಿ ವರ್ಗಾವಣೆಯ ರುಚಿ ನಮಗೂ ಗೊತ್ತು, ಆದರೆ ಇದು ಮನುಷ್ಯನನ್ನು ಮುಗಿಸುವ ವರ್ಗಾವಣೆ. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. ತಪನ್ ಸಿನ್ಹಾ ಅವರ ‘ಏಕ್ ಡಾಕ್ಟರ್ ಕೀ ಮೌತ್’ ಸಿನಿಮಾ ನೋಡಿದವರಿಗೆ ಈ ಕತೆಯ ಛಾಯೆ ನೆನಪಿರಬಹುದು.

ಹೀಗೆ ಕಲ್ಕತ್ತೆಯ ಲೆಡ್ಜರು ಮುಚ್ಚಿಹೋಗಿತ್ತು. 1986ರಲ್ಲಿ ‘ಮೊದಲ’ ಎಂಬ ಪಟ್ಟ ಪರೇಲಿಗೆ ಬಂತು. ಹನ್ನೊಂದು ವರ್ಷ ಅದು ಯಾವ ತಕರಾರೂ ಇಲ್ಲದೆ ಉಳಿಯಿತು. 1997ರಲ್ಲಿ ಡಾ. ಆನಂದ್ ಕುಮಾರ್ ಒಂದು ಸಮ್ಮೇಳನಕ್ಕೆಂದು ಕಲ್ಕತ್ತೆಗೆ ಹೋದಾಗ ಮುಖರ್ಜಿಯವರ ಕೈಬರಹದ ಟಿಪ್ಪಣಿಗಳು ಅವರ ಕೈಸೇರಿದವು. ಅವರು ಕೂತು ಓದಿದರು, ದುರ್ಗಾಳ ತಂದೆತಾಯಿಯ ಜೊತೆ ಮಾತಾಡಿದರು. ಮುಖರ್ಜಿ ತಂಡ 1978ರಲ್ಲೇ ಭಾರತದ ಶೈತ್ಯವಿಜ್ಞಾನ ಪತ್ರಿಕೆಯೊಂದರಲ್ಲಿ ಈ ಕೆಲಸದ ಬಗ್ಗೆ ಪುಟ್ಟ ಲೇಖನ ಬರೆದಿತ್ತು. ವೋಚರು ಇತ್ತು, ಪ್ರಸೂತಿ ವೈದ್ಯರು ತೆರೆಯದ ಫೈಲಿನಲ್ಲಿತ್ತು, ಅಷ್ಟೇ.

ಆಮೇಲೆ ಆನಂದ್ ಕುಮಾರ್ ಮಾಡಿದ್ದೇನು? ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಪಟ್ಟ ಅವರದೇ ತಂಡದ ಹೆಸರಿನಲ್ಲಿತ್ತು, ಎದುರು ಪಕ್ಷದವರು ತೀರಿಕೊಂಡು ಹದಿನಾರು ವರ್ಷವಾಗಿತ್ತು. ಅವರು ಅದೇ ವರ್ಷ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ಸುಭಾಷ್ ಮುಖರ್ಜಿಯೇ ಎಂದು ಬರೆದರು. ಹರ್ಷಾಳ ಹೆಸರಿನ ಮುಂದೆ ‘ವೈಜ್ಞಾನಿಕವಾಗಿ ದಾಖಲಾದ ಮೊದಲ’ ಎಂಬ ಮಾತು ಉಳಿಯಿತು. ಅದೂ ಸತ್ಯವೇ, ಡಾ. ಹಿಂದೂಜಾ ಅವರ ಶ್ರಮ ಅದರಿಂದ ಒಂದು ಗುಲಗಂಜಿಯೂ ಕಡಿಮೆಯಾಗಲಿಲ್ಲ. 2010ರ ಜನವರಿಯಲ್ಲಿ ಆನಂದ್ ಕುಮಾರ್ ತೀರಿಕೊಂಡರು.

ಮೂರು ದಶಕದ ನೌಕರಿಯಲ್ಲಿ ಇನ್ನೊಬ್ಬರ ಎಂಟ್ರಿಯ ತಪ್ಪು ಹುಡುಕುವವರನ್ನು ಬೇಕಾದಷ್ಟು ನೋಡಿದ್ದೇನೆ. ತನ್ನ ಖಾತೆಗೆ ಜಮೆಯಾದದ್ದು ಇನ್ನೊಬ್ಬರಿಗೆ ಸೇರಬೇಕು ಎಂದು ತಾನಾಗಿ ಬರೆದುಕೊಟ್ಟವರನ್ನು ಬೆರಳಲ್ಲಿ ಎಣಿಸಬಹುದು. ಮುಂದಿನ ಸಲ ಕೆಇಎಂ ಎದುರು ಬಸ್ಸಿಗೆ ಕಾಯುವಾಗ ಜೊತೆಯಲ್ಲಿ ಮಕ್ಕಳಿದ್ದರೆ, ಹರ್ಷಾಳ ಕತೆ ಹೇಳಿ, ದುರ್ಗಾಳದ್ದನ್ನೂ ಹೇಳಿ. ಬಸ್ಸು ಹೇಗೂ ತಡವಾಗಿಯೇ ಬರುವುದು, ಎರಡಕ್ಕೂ ಸಮಯ ಸಿಗುತ್ತದೆ.