ನೀಲಿ ಉಗುರಿನ ಜಾಡು

2013ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತು. ಮೂರ್ಛೆರೋಗಕ್ಕೆ ಎಜೋಗಾಬಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಕೆಲವರ ತುಟಿ ಮತ್ತು ಉಗುರಿನ ಬುಡ ನೀಲಿಗಟ್ಟುತ್ತಿವೆ, ಕೆಲವರ ಅಕ್ಷಿಪಟಲದಲ್ಲೂ ಬಣ್ಣ ಕೂರುತ್ತಿದೆ ಎಂದು. ಇದೇ ಮಾತ್ರೆಗೆ ಯುರೋಪಿನಲ್ಲಿ ರೆಟಿಗಾಬಿನ್ ಎಂಬ ಹೆಸರು. ಎರಡೂ ಕಡೆ ಪರವಾನಗಿ ಸಿಕ್ಕಿದ್ದು 2011ರಲ್ಲಿ. ಮಿದುಳಿನ ಪೊಟ್ಯಾಸಿಯಂ ಚಾನೆಲ್‌ಗಳನ್ನು ತೆರೆದು ಮೂರ್ಛೆ ತಡೆಯುವ ಮೊದಲ ಔಷಧ ಎಂದು ಅದು ಹೆಸರು ಮಾಡಿತ್ತು.

ಪೊಟ್ಯಾಸಿಯಂಗೂ ನೀಲಿ ಉಗುರಿಗೂ ಎಲ್ಲಿಯ ನಂಟು? ಈ ಪ್ರಶ್ನೆ ಹಿಡಿದು ಹಳೆಯ ಪ್ರಬಂಧಗಳಿಗೆ ಕೈಹಾಕಿದೆ. ಉತ್ತರ ಬೇಗನೆ ಸಿಕ್ಕಿತು: ನಂಟೇನೂ ಇಲ್ಲ. ಔಷಧದ ಅಣುಗಳು ದೇಹದೊಳಗೆ ಎರಡೆರಡಾಗಿ ಬೆಸೆದು ಬಣ್ಣದ ವಸ್ತುವಾಗುತ್ತವೆ, ಅದು ಮೆಲನಿನ್‌ಗೆ ಅಂಟಿಕೊಳ್ಳುತ್ತದೆ. ರಸಾಯನಶಾಸ್ತ್ರದ ತಂಟೆ, ಅಷ್ಟೆ. ಆದರೆ ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ. ಪ್ರಬಂಧದಿಂದ ಪ್ರಬಂಧಕ್ಕೆ ಹಿಂದಕ್ಕೆ ಹೋದಂತೆ, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲದ ಮೂರು ಜಾಡುಗಳು ಕಂಡವು.

ಮೊದಲನೆಯದು ವಿಯೆನ್ನಾದ್ದು. 1964ರಲ್ಲಿ ಆಂಡ್ರಿಯಾಸ್ ರೆಟ್ ಮತ್ತು ಟೊಯ್ಬೆಲ್ ಎಂಬ ವೈದ್ಯರು ಅಲ್ಲಿನ ವೈದ್ಯಕೀಯ ವಾರಪತ್ರಿಕೆಯಲ್ಲಿ ಒಂದು ಕುಟುಂಬದ ವೃತ್ತಾಂತ ಬರೆದರು. ಆ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಎಳೆಗೂಸುಗಳಿಗೆ ಫಿಟ್ಸ್ ಬರುತ್ತಿತ್ತು. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹುಟ್ಟಿದ ಎರಡನೆಯ ಮೂರನೆಯ ದಿನಕ್ಕೆ ಮೂರ್ಛೆ ಶುರುವಾಗಿ, ಕೆಲವು ವಾರ ಅಥವಾ ತಿಂಗಳಲ್ಲಿ ತಾನಾಗಿ ನಿಂತುಹೋಗುತ್ತದೆ. ಹೆಚ್ಚಿನ ಮಕ್ಕಳು ಮುಂದೆ ಚೆನ್ನಾಗಿಯೇ ಬೆಳೆಯುತ್ತವೆ. ಇಪ್ಪತ್ತೈದು ವರ್ಷ ಕಳೆದ ಮೇಲೆ, 1989ರಲ್ಲಿ, ಇಂಥ ಇನ್ನೊಂದು ಕುಟುಂಬವನ್ನು ಪರೀಕ್ಷಿಸಿದ ವಿಜ್ಞಾನಿಗಳು ದೋಷ 20ನೇ ಕ್ರೋಮೋಸೋಮಿನಲ್ಲಿದೆ ಎಂದು ಗುರುತಿಸಿದರು. ಯಾವ ಜೀನ್ ಎಂಬುದು ಆಗಿನ್ನೂ ಕತ್ತಲೆ.

ಎರಡನೆಯ ಜಾಡು ಕಪ್ಪೆಯದು, ನನಗೆ ಅಚ್ಚುಮೆಚ್ಚಿನದೂ ಅದೇ. ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಲ್ಲಿ ಡೇವಿಡ್ ಬ್ರೌನ್ ಮತ್ತು ಪಾಲ್ ಆಡಮ್ಸ್ ಗೂಳಿಗಪ್ಪೆಯ ನರಗಂಟಿನ ಕೋಶಗಳಿಗೆ ಸೂಕ್ಷ್ಮ ಎಲೆಕ್ಟ್ರೋಡ್ ಚುಚ್ಚಿ ಕೂತಿದ್ದರು. ಕೋಶದ ವೋಲ್ಟೇಜನ್ನು ಮೈನಸ್ 30 ಮಿಲಿವೋಲ್ಟಿನ ಆಸುಪಾಸು ಹಿಡಿದಿಟ್ಟು ಒಮ್ಮೆಲೇ ಕೆಳಕ್ಕೆ ಇಳಿಸಿದರೆ, ಹರಿಯುತ್ತಿದ್ದ ವಿದ್ಯುತ್ತು ತಟ್ಟನೆ ನಿಲ್ಲುವ ಬದಲು ಸೆಕೆಂಡಿನ ಹತ್ತನೇ ಒಂದೆರಡು ಭಾಗದಷ್ಟು ಹೊತ್ತು ನಿಧಾನವಾಗಿ ಇಳಿಯುತ್ತದೆ. ನಾಯಿಕೊಡೆಯಿಂದ ಬರುವ ಮಸ್ಕರಿನ್ ಎಂಬ ವಿಷವನ್ನು ಕೋಶಕ್ಕೆ ಸೋಕಿಸಿದರೆ ಆ ನಿಧಾನದ ಇಳಿಜಾರೇ ಮಾಯ. 1980ರ ‘ನೇಚರ್’ ಪತ್ರಿಕೆಯ ಆ ಚಿಕ್ಕ ಪ್ರಬಂಧದಲ್ಲಿ ಅವರು ಅದನ್ನು ‘ಎಂ-ವಿದ್ಯುತ್ತು’ ಎಂದು ಕರೆದರು, ಮಸ್ಕರಿನ್‌ನ ಮೊದಲಕ್ಷರ ಹಿಡಿದು.

ಅದು ಯಾಕೆ ದೊಡ್ಡ ಸಂಗತಿ ಎಂದು ಹೇಳಬೇಕು. ನರಕೋಶದ ಒಳಗೆ ಪೊಟ್ಯಾಸಿಯಂ ಹೇರಳ, ಹೊರಗೆ ಅದರ ಮೂವತ್ತನೇ ಒಂದು ಭಾಗವೂ ಇರುವುದು ಕಷ್ಟ. ಚಾನೆಲ್ ತೆರೆದರೆ ಅದು ಹೊರಕ್ಕೆ ಹರಿಯುತ್ತದೆ, ಕೋಶದ ಒಳಭಾಗ ಇನ್ನಷ್ಟು ಋಣವಾಗಿ ಶಾಂತವಾಗುತ್ತದೆ. ಅದುವರೆಗೆ ಗೊತ್ತಿದ್ದ ಮುಖ್ಯ ಪೊಟ್ಯಾಸಿಯಂ ಚಾನೆಲ್‌ಗಳು ನರಕೋಶ ಒಮ್ಮೆ ಸಿಡಿದ ಮೇಲೆ ಅದನ್ನು ತಣ್ಣಗಾಗಿಸಲು ತೆರೆಯುತ್ತಿದ್ದವು. ಎಂ-ಚಾನೆಲ್ ಹಾಗಲ್ಲ, ಮೈನಸ್ 60ರ ಸುಮಾರಿನಲ್ಲೇ, ಸಿಡಿಯುವ ಮಟ್ಟ ಮುಟ್ಟುವ ಮುನ್ನವೇ ತೆರೆಯತೊಡಗುತ್ತದೆ, ಒಮ್ಮೆ ತೆರೆದರೆ ಬೇಗ ಮುಚ್ಚುವುದೂ ಇಲ್ಲ. ಕೆರೆ ಕೋಡಿ ಬೀಳುವ ಮೊದಲೇ ತೂಬಿನಿಂದ ನೀರು ಬಿಟ್ಟ ಹಾಗೆ. 1982ರ ಹೊತ್ತಿಗೆ ಇದೇ ವಿದ್ಯುತ್ತು ಮಿದುಳಿನ ಹಿಪೊಕ್ಯಾಂಪಸ್‌ನ ಕೋಶಗಳಲ್ಲೂ ಸಿಕ್ಕಿತು. ಅಸೆಟೈಲ್‌ಕೋಲಿನ್ ಎಂಬ ನರರಾಸಾಯನಿಕ ಬಂದಾಗ ಈ ಚಾನೆಲ್ ಮುಚ್ಚುತ್ತದೆ, ಕೋಶ ಚುರುಕಾಗುತ್ತದೆ. ಆದರೆ ಯಾವ ಪ್ರೋಟೀನಿನ ಕೆಲಸವಿದು ಎಂಬುದು ಮುಂದೆ ಹದಿನಾರು ವರ್ಷ ಯಾರಿಗೂ ತಿಳಿಯಲಿಲ್ಲ.

ಮೂರನೆಯ ಜಾಡು ಔಷಧದ ಅಂಗಡಿಯದು. ಜರ್ಮನಿಯಲ್ಲಿ 1980ರ ದಶಕದಲ್ಲಿ ಫ್ಲುಪಿರ್ಟಿನ್ ಎಂಬ ನೋವಿನ ಮಾತ್ರೆ ಮಾರಾಟಕ್ಕೆ ಬಂತು. ಅಫೀಮಿನ ಜಾತಿಯದಲ್ಲ, ಆಸ್ಪಿರಿನ್ ಜಾತಿಯದೂ ಅಲ್ಲ. ಆದರೂ ನೋವು ತಗ್ಗುತ್ತಿತ್ತು. ಅದರ ಅಣುವನ್ನು ಸ್ವಲ್ಪ ತಿದ್ದಿದಾಗ ಹುಟ್ಟಿದ್ದೇ ರೆಟಿಗಾಬಿನ್. ಮೊದಮೊದಲ ಪ್ರಬಂಧಗಳು ಮೂರ್ಛೆ ತಡೆಯುವ ಅದರ ಗುಣಕ್ಕೆ ಗಾಬಾ ಎಂಬ ನರರಾಸಾಯನಿಕದಲ್ಲಿ ಕಾರಣ ಹುಡುಕುತ್ತವೆ. ಪೊಟ್ಯಾಸಿಯಂ ಚಾನೆಲ್ ತೆರೆಯುತ್ತದೆ ಎಂಬ ಮಾತು ಬರುವುದು 1997ರಲ್ಲಿ. ಆಗಲೂ, ಯಾವ ಚಾನೆಲ್?

1998 ಬಂತು. ಜನವರಿಯಲ್ಲಿ ಎಳೆಗೂಸುಗಳ ಮೂರ್ಛೆಯ ಜೀನ್‌ಗಳು ಸಿಕ್ಕವು: 20ನೇ ಕ್ರೋಮೋಸೋಮಿನಲ್ಲಿ ಕೆಸಿಎನ್‌ಕ್ಯೂ2, 8ನೇದರಲ್ಲಿ ಕೆಸಿಎನ್‌ಕ್ಯೂ3. ಎರಡೂ ಪೊಟ್ಯಾಸಿಯಂ ಚಾನೆಲ್‌ನ ತುಂಡುಗಳು. ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯ ಪ್ರಬಂಧವೊಂದು ಈ ಎರಡೂ ಕೂಡಿದರೆ ಆಗುವುದೇ ಎಂ-ಚಾನೆಲ್ ಎಂದು ತೋರಿಸಿತು. ವಿಯೆನ್ನಾದ ಕೂಸು, ಟೆಕ್ಸಾಸಿನ ಕಪ್ಪೆ ಒಂದೇ ಜಾಡಿಗೆ ಬಂದವು. 2000ದ ಹೊತ್ತಿಗೆ ರೆಟಿಗಾಬಿನ್ ಕೂಡ ಅಲ್ಲಿಗೇ ಬಂದು ಸೇರಿತು. ಅದೇ 1998ರ ಇನ್ನೊಂದು ಪ್ರಬಂಧದಲ್ಲಿ ನನ್ನ ಕಣ್ಣು ನಿಂತದ್ದು ಒಂದು ಅಂಕಿಯ ಮೇಲೆ: ಈ ಚಾನೆಲ್‌ಗಳ ಕೆಲಸ ಶೇ. 25ರಷ್ಟು ತಗ್ಗಿದರೂ ಕೂಸಿಗೆ ಮೂರ್ಛೆ ಬರಲು ಸಾಕು. ಮಿದುಳಿಗೆ ಇಲ್ಲಿ ಇರುವ ಸಡಿಲ ಇಷ್ಟೇ!

ರೆಟಿಗಾಬಿನ್ ಕೂರುವ ಜಾಗವನ್ನು 2005ರಲ್ಲಿ ಒಂದು ಅಮೈನೋ ಆಮ್ಲದವರೆಗೆ ಬಗೆದು ನೋಡಿದರು. ಕೆಸಿಎನ್‌ಕ್ಯೂ2ರ 236ನೇ ಸ್ಥಾನದ ಟ್ರಿಪ್ಟೊಫ್ಯಾನ್ ಇದ್ದರೆ ಔಷಧ ಹಿಡಿಯುತ್ತದೆ, ಅದನ್ನು ಬದಲಿಸಿದರೆ ಇಲ್ಲ. ಹೃದಯದಲ್ಲಿರುವ ಸೋದರ ಚಾನೆಲ್ ಕೆಸಿಎನ್‌ಕ್ಯೂ1ರಲ್ಲಿ ಆ ಟ್ರಿಪ್ಟೊಫ್ಯಾನ್ ಇಲ್ಲ. ಆ ಚಾನೆಲ್‌ನ ಗೊಡವೆಗೆ ಮಾತ್ರೆ ಹೋಗುವುದಿಲ್ಲ. ಮೂತ್ರಕೋಶದ ಸ್ನಾಯುವಿನಲ್ಲಿ ಮಾತ್ರ ಅದು ಹಿಡಿಯುವ ಬಂಧುಗಳಿವೆ, ಹಾಗಾಗಿ ಕೆಲವರಿಗೆ ಮೂತ್ರ ಕಟ್ಟುತ್ತಿತ್ತು. ಇದು ಚಾನೆಲ್‌ನದೇ ಅಡ್ಡಪರಿಣಾಮ. ನೀಲಿ ಉಗುರಿನಂತೆ ಹೊರಗಿನದಲ್ಲ.

ಇಲ್ಲೊಂದು ಸಣ್ಣ ಅಡ್ಡದಾರಿ. ಆಫ್ರಿಕಾದಲ್ಲಿ ಮೂರ್ಛೆಗೆ ಕೊಡುತ್ತಿದ್ದ ಮ್ಯಾಲೋಟಸ್ ಗಿಡವೊಂದರ ಸೊಪ್ಪಿನ ರಾಸಾಯನಿಕವೂ ಇದೇ ಚಾನೆಲನ್ನು ತೆರೆಯುತ್ತದೆ ಎಂದು 2018ರಲ್ಲಿ ಪ್ರಕಟವಾಯಿತು. ಆ ರಾಸಾಯನಿಕ ನಮ್ಮ ಪಶ್ಚಿಮಘಟ್ಟದ ಕುಂಕುಮದ ಮರದ ಕಾಯಿಯ ಕೆಂಪು ಪುಡಿಯಲ್ಲೂ ಇದೆ. ಹಾಗೆಂದು ಯಾರೂ ಆ ಪುಡಿ ಕದಡಿ ಕುಡಿಯಬೇಡಿ. ಪ್ರಯೋಗ ನಡೆದದ್ದು ಹೆಚ್ಚಾಗಿ ಕಪ್ಪೆಯ ಮೊಟ್ಟೆಯಲ್ಲಿ.

2012ರಲ್ಲಿ ಕಡತಕ್ಕೆ ಕರಾಳ ಪುಟವೊಂದು ಸೇರಿತು. ಕೆಸಿಎನ್‌ಕ್ಯೂ2ರ ಕೆಲವು ದೋಷಗಳಲ್ಲಿ ಮೂರ್ಛೆ ತಾನಾಗಿ ನಿಂತು ಮಗು ಸುಧಾರಿಸುವುದಿಲ್ಲ, ಬೆಳವಣಿಗೆಯೇ ಕುಂಠಿತವಾಗುತ್ತದೆ. ಇಂಥ ಕೂಸುಗಳಿಗೆ ಹಲವು ಸಲ ಕಾರ್ಬಮಜೆಪಿನ್ ಚೆನ್ನಾಗಿ ಹಿಡಿಯುತ್ತದೆ. ಅದು ಸೋಡಿಯಂ ಚಾನೆಲ್ ತಡೆಯುವ ಹಳೆಯ, ಅಗ್ಗದ ಔಷಧ. ಕೆಟ್ಟಿರುವುದು ಪೊಟ್ಯಾಸಿಯಂ, ಮದ್ದು ಸೋಡಿಯಂಗೆ! ನರತಂತು ಹೊರಡುವ ಬುಡದಲ್ಲಿ ಎರಡೂ ಬಗೆಯ ಚಾನೆಲ್‌ಗಳು ಆಂಕಿರಿನ್-ಜಿ ಎಂಬ ಒಂದೇ ಪ್ರೋಟೀನಿಗೆ ಕಟ್ಟಿಕೊಂಡು ಅಕ್ಕಪಕ್ಕ ನಿಂತಿರುತ್ತವೆ. ಒಂದರ ಕೊರತೆಯನ್ನು ಇನ್ನೊಂದರ ಅಬ್ಬರ ತಗ್ಗಿಸಿ ಸರಿದೂಗಿಸಬಹುದು ಎಂಬ ವಿವರಣೆ ನನಗೆ ಒಪ್ಪಿಗೆಯಾಗುವುದು ಇದರಿಂದಲೇ.

ಹಾಗಾದರೆ ಪೊಟ್ಯಾಸಿಯಂ ಚಾನೆಲನ್ನೇ ತೆರೆಯುವ ಮಾತ್ರೆ ಈ ಮಕ್ಕಳಿಗೆ ಏನು ಮಾಡಿತು? 2016ರ ಪ್ರಬಂಧವೊಂದರಲ್ಲಿ ಎಜೋಗಾಬಿನ್ ಪಡೆದ 11 ಮಕ್ಕಳ ವಿವರವಿದೆ. ಆರು ತಿಂಗಳು ತುಂಬುವ ಮೊದಲೇ ಔಷಧ ಸಿಕ್ಕ ನಾಲ್ವರಲ್ಲಿ ಮೂವರು ಸುಧಾರಿಸಿದರು. ತಡವಾಗಿ ಸಿಕ್ಕ ಏಳು ಮಂದಿಯಲ್ಲಿ ಇಬ್ಬರು. ಚಿಕ್ಕ ಸಂಖ್ಯೆ, ಹೋಲಿಸಿ ನೋಡಲು ಬೇರೆ ಗುಂಪಿಲ್ಲ, ಇದರ ಮೇಲೆ ತೀರ್ಪು ಕೊಡಲಾಗದು. ಆದರೆ ಸುಳಿವು ಸ್ಪಷ್ಟ. ನೀಲಿ ಉಗುರಿನ ಎಚ್ಚರಿಕೆಯ ನಂತರ ವಯಸ್ಕ ರೋಗಿಗಳು ಕಡಿಮೆಯಾಗಿದ್ದರು, ಮಾರಾಟ ಕುಸಿದಿತ್ತು. ಆ ಪ್ರಬಂಧ ಬಂದ ಮರುವರ್ಷ, 2017ರ ಜೂನ್‌ನಲ್ಲಿ, ತಯಾರಕರು ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂತೆಗೆದರು.