ಬ್ರೋಕಾ ಪ್ರದೇಶ

ಬಹುಪಾಲು ಜನರಲ್ಲಿ ಮಿದುಳಿನ ಎಡಗೋಳಾರ್ಧದ ಮುಂಭಾಗದ ಹಾಲೆಯಲ್ಲಿ, ಕೆಳಗಿನ ಮಡಿಕೆಯಲ್ಲಿರುವ ಭಾಷಾನೆಲೆ. 1861ರಲ್ಲಿ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ, 'ಟಾನ್' ಎಂಬ ಒಂದೇ ಉಲಿಯನ್ನು ಮತ್ತೆ ಮತ್ತೆ ನುಡಿಯುತ್ತಿದ್ದ ರೋಗಿಯ ಮಿದುಳನ್ನು ಮರಣಾನಂತರ ಪರೀಕ್ಷಿಸಿ ಇದರ ಮಹತ್ವ ಗುರುತಿಸಿದರು.

ಇಲ್ಲಿಗೂ ಸುತ್ತಲಿನ ಭಾಗಕ್ಕೂ ಪೆಟ್ಟಾದ ಹಲವರಿಗೆ ನಾಮಪದಕ್ಕಿಂತ ಕ್ರಿಯಾಪದ ನಾಲಿಗೆಗೆ ಬರುವುದು ಕಷ್ಟ. ಪ್ರತ್ಯಯಗಳು ಉದುರಿ ಮಾತು ಬಿಡಿಬಿಡಿಯಾಗುತ್ತದೆ. ಕ್ರಿಯಾಪದದ ಹೊರೆಯೇ ದೊಡ್ಡದು: 'ಕೊಡು' ಎಂದೊಡನೆ ಕೊಡುವವರು, ಪಡೆಯುವವರು, ವಸ್ತು ಮೂರಕ್ಕೂ ವಾಕ್ಯದಲ್ಲಿ ಜಾಗ ಬೇಕು, ಕಾಲ, ಲಿಂಗ, ವಚನಗಳೂ ಹೊಂದಬೇಕು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಯಾರು ಯಾರಿಗೆ ಏನು ಎಂಬುದಕ್ಕೆ ಕೇಳುಗರಿಗೆ ಅದಕ್ಕೆ ಮೊದಲೇ ಸಿಗುವ ಮುಖ್ಯ ಆಧಾರವೆಂದರೆ ವಿಭಕ್ತಿಗಳು; ಅವೂ ಉದುರಿದರೆ ಅರ್ಥ ಹಿಡಿಯುವುದು ಕಷ್ಟ.

ವ್ಯಾಕರಣವೆಲ್ಲ ಬ್ರೋಕಾ ಪ್ರದೇಶದಲ್ಲೇ ಅಡಗಿದೆ ಎಂಬ ಹಳೆಯ ನಂಬಿಕೆ ಸರಿಯಲ್ಲ. ಕಿವಿಯ ಬಳಿಯ ಹಾಲೆಯೂ ಅದನ್ನು ಈ ಪ್ರದೇಶದೊಂದಿಗೆ ಬೆಸೆಯುವ ನರತಂತುಗಳೂ ವಾಕ್ಯರಚನೆಯಲ್ಲಿ ಪಾಲ್ಗೊಳ್ಳುತ್ತವೆ.