ಇಸಬೆಲ್ ರಾಣಿಯ ಪಟ

ಮೂಲಕ್ಕೆ ಸಲ್ಲುವ ಮರ್ಯಾದೆ ಪ್ರತಿಗೆ ಸಲ್ಲುವುದಿಲ್ಲವೆಂಬುದು ಲೋಕದ ವಾಡಿಕೆ. ಚಿತ್ರಕಲೆಯಲ್ಲಂತೂ ಪ್ರತಿಯೆಂದು ತಿಳಿದೊಡನೆ ರಸಿಕರು ಮುಖ ತಿರುಗಿಸುವುದುಂಟು. ಆದರೆ ಮೂಲವೇ ನಾಶವಾದಲ್ಲಿ ಪ್ರತಿಯ ಪದವಿ ಬೇರೆಯಾಗುತ್ತದೆ. ಕವಿಯ ಕೈಯ ಓಲೆಗರಿ ಗೆದ್ದಲಿಗೆ ಆಹುತಿಯಾದ ಮೇಲೂ ಲಿಪಿಕಾರನ ಪ್ರತಿಯಿಂದ ಕಾವ್ಯವು ಉಳಿದುಬರುವುದನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ, ಪ್ರಾದೋ ಚಿತ್ರಶಾಲೆಯಲ್ಲಿರುವ ಇಸಬೆಲ್ ರಾಣಿಯ ಪಟವು ಇದಕ್ಕೆ ಒಳ್ಳೆಯ ನಿದರ್ಶನ.

ಪಟದಲ್ಲಿ ರಾಣಿಯು ರತ್ನಾಭರಣಗಳಿಂದ ಶೋಭಿಸುವ ಕಪ್ಪು ಉಡುಪನ್ನು ಧರಿಸಿ ನಿಂತಿದ್ದಾಳೆ. ಅವಳ ಕೈಯಲ್ಲಿ ಮುಂಗುಸಿಯನ್ನು ಹೋಲುವ ಒಂದು ಪ್ರಾಣಿಯ ನುಣುಪಾದ ತುಪ್ಪುಳುಚರ್ಮವಿದೆ. ಅದರ ತಲೆಯನ್ನು ಒಡವೆಯಂತೆ ಅಲಂಕರಿಸಿದೆ. 16ನೆಯ ಶತಮಾನದ ಯೂರೋಪಿನ ಶ್ರೀಮಂತ ಸ್ತ್ರೀಯರಿಗೆ ಇದು ಪ್ರಿಯವಾದ ಭೂಷಣವಾಗಿದ್ದಿತು. ಈ ಪಟವನ್ನು ಬರೆದವನು ಹ್ವಾನ್ ಪಾಂತೋಹ ದೆ ಲಾ ಕ್ರೂಸ್ ಎಂಬ ಆಸ್ಥಾನ ಚಿತ್ರಕಾರ. ಬರೆದುದು ಸುಮಾರು 1605ರಲ್ಲಿ. ಆ ವೇಳೆಗೆ ರಾಣಿಯು ತೀರಿಕೊಂಡು 37 ವರ್ಷಗಳಾಗಿದ್ದುವು. ಹಾಗಾದರೆ ಈ ಮುಖವನ್ನು ಕಣ್ಣಾರೆ ಕಂಡು ಚಿತ್ರಿಸಿದವರು ಯಾರು?

ಇಸಬೆಲ್ ಹುಟ್ಟಿದುದು 1545ರಲ್ಲಿ, ಫ್ರಾನ್ಸಿನ ದೊರೆ ಎರಡನೆಯ ಹೆನ್ರಿಯ ಮಗಳಾಗಿ. 1559ರಲ್ಲಿ ಸ್ಪೇನಿಗೂ ಫ್ರಾನ್ಸಿಗೂ ನಡೆಯುತ್ತಿದ್ದ ದೀರ್ಘಯುದ್ಧವು ಮುಗಿದು ಸಂಧಿಯಾದಾಗ, ಆ ಸಂಧಿಯ ಮುದ್ರೆಯೆಂಬಂತೆ ಅವಳನ್ನು ಸ್ಪೇನಿನ ಅರಸು ಎರಡನೆಯ ಫಿಲಿಪನಿಗೆ ಕೊಟ್ಟು ವಿವಾಹ ಮಾಡಿದರು. ವಧುವಿಗೆ ಹದಿನಾಲ್ಕು, ವರನಿಗೆ ಮೂವತ್ತೆರಡು, ಅವನು ಎರಡು ಬಾರಿ ವಿಧುರನಾದವನು.

ಈ ಎಳೆಯ ರಾಣಿಯ ಸಖೀವರ್ಗದಲ್ಲಿ ಇಟಲಿಯ ಕ್ರೆಮೋನಾ ಊರಿನ ಸೊಫೋನಿಸ್ಬಾ ಆಂಗ್ವಿಸ್ಸೋಲಾ ಎಂಬ ಕುಲೀನ ಕನ್ಯೆಯೂ ಸೇರಿದಳು. ಅವಳ ತಂದೆ ತನ್ನ ಹೆಣ್ಣುಮಕ್ಕಳಿಗೆ ಚಿತ್ರವಿದ್ಯೆಯನ್ನು ಹೇಳಿಸಿದ್ದನು. ಅವಳ ಕೀರ್ತಿ ಆಗಲೇ ಇಟಲಿಯಲ್ಲಿ ಹರಡಿದ್ದಿತು. ರಾಣಿಗೆ ಅವಳೇ ಚಿತ್ರಗುರು. ಆದರೆ ಅರಮನೆಯಲ್ಲಿ ಅವಳ ಸ್ಥಾನ ಚಿತ್ರಕಾರರದಲ್ಲ, ಸಖಿಯರದು. ಕೆಲಸಕ್ಕೆ ಕೂಲಿಯನ್ನು ಪಡೆಯುವುದು ಕುಲೀನೆಗೆ ಒಪ್ಪುವುದಲ್ಲವೆಂದು ಉಡುಗೊರೆ, ವರ್ಷಾಶನಗಳ ರೂಪದಲ್ಲಿ ಅವಳಿಗೆ ಮನ್ನಣೆ ದೊರೆಯುತ್ತಿದ್ದಿತು. ಆಸ್ಥಾನದಲ್ಲಿ ಬರೆದ ಪಟಗಳಲ್ಲಿ ಅವಳು ತನ್ನ ಹೆಸರನ್ನು ಬರೆಯಲಿಲ್ಲ. ಈ ಮರ್ಯಾದೆಯೇ ಮುಂದೆ ಅವಳ ಹೆಸರಿಗೆ ಮುಳುವಾಯಿತು.

ರಾಣಿಯು ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಬಿಟ್ಟು 1568ರ ಅಕ್ಟೋಬರ್ 3ರಂದು, ತನ್ನ 23ನೆಯ ವಯಸ್ಸಿನಲ್ಲಿ ಮಡಿದಳು. 1573ರಲ್ಲಿ ಸೊಫೋನಿಸ್ಬಾ ಸಿಸಿಲಿಯ ಕುಲೀನನೊಬ್ಬನನ್ನು ವಿವಾಹವಾಗಿ ಸ್ಪೇನನ್ನು ಬಿಟ್ಟಳು. ಅವಳು ಬರೆದ ರಾಣಿಯ ಪಟವು ಮ್ಯಾಡ್ರಿಡ್ಡಿನ ಸಮೀಪದ ಎಲ್ ಪಾರ್ದೋ ಅರಮನೆಯಲ್ಲಿ ಉಳಿಯಿತು. ಅಲ್ಲಿ ಫಿಲಿಪ್ ದೊರೆಯು ತನ್ನ ವಂಶದವರ ಪಟಗಳಿಗಾಗಿಯೇ ಒಂದು ಹಜಾರವನ್ನು ಸಿದ್ಧಪಡಿಸಿದ್ದನು. ಟಿಷಿಯನ್, ಆಂಟೋನಿಸ್ ಮೋರ್, ಸಾಂಚೆಸ್ ಕೊಯೆಲ್ಯೊ ಮೊದಲಾದವರ ಕೃತಿಗಳು ಅಲ್ಲಿ ಸಾಲುಗೊಂಡಿದ್ದುವು.

1604ರ ಮಾರ್ಚ್ 13ರಂದು ಆ ಅರಮನೆಗೆ ಬೆಂಕಿ ಬಿದ್ದಿತು. ಪಟಗಳ ಹಜಾರವು ಬೂದಿಯಾಯಿತು. ಆಗ ಆಳುತ್ತಿದ್ದವನು ಫಿಲಿಪನ ಮಗನಾದ ಮೂರನೆಯ ಫಿಲಿಪ್. ಸುದ್ದಿಯನ್ನು ಕೇಳಿದೊಡನೆ ಅವನು, ಟಿಷಿಯನ್ ಬರೆದ ಆಂಟಿಯೋಪೆಯ ಚಿತ್ರ ಉಳಿಯಿತೇ ಎಂದು ವಿಚಾರಿಸಿದನಂತೆ. ಉಳಿಯಿತೆಂದಾಗ, ಮಿಕ್ಕುವನ್ನು ಮತ್ತೆ ಬರೆಯಿಸಬಹುದೆಂದು ಸಮಾಧಾನಪಟ್ಟನೆಂದು ಕಾರ್ದೂಚೊ ಎಂಬ ಚಿತ್ರಕಾರನು 1633ರ ತನ್ನ ಗ್ರಂಥದಲ್ಲಿ ಹೇಳಿದ್ದಾನೆ.

ಮತ್ತೆ ಬರೆಯುವ ಆ ಕಾರ್ಯವೇ ಪಾಂತೋಹನ ಪಾಲಿಗೆ ಬಂದಿತು. ಅವನು ಸಾಂಚೆಸ್ ಕೊಯೆಲ್ಯೊವಿನ ಶಿಷ್ಯ, ತಾಳ್ಮೆಯುಳ್ಳ ಕೆಲಸಗಾರ. ಉರಿದುಹೋದುದನ್ನು ಪ್ರತಿಮಾಡುವುದೆಂತು ಎಂದು ಕೇಳಬಹುದು. ರಾಜಮನೆತನಗಳಲ್ಲಿ ಒಂದು ಪಟವನ್ನು ಹಲವು ಬಾರಿ ಬರೆಯಿಸಿ ಬಂಧುಗಳ ಆಸ್ಥಾನಗಳಿಗೆ ಕಳುಹಿಸುವ ರೂಢಿಯಿದ್ದಿತು. ಆದುದರಿಂದ ಒಂದು ಅರಮನೆಯ ಬೆಂಕಿಯು ಒಂದು ಮುಖವನ್ನು ಪೂರ್ತಿಯಾಗಿ ಅಳಿಸಲಾರದಾಗಿದ್ದಿತು. ದೊರೆಗೆ ಬೇಕಾಗಿದ್ದುದು ಕಲೆಗಿಂತ ಹೆಚ್ಚಾಗಿ ವಂಶಾವಳಿ. ಪೂರ್ವಿಕರ ಸಾಲಿನಲ್ಲಿ ಒಂದು ಸ್ಥಾನವೂ ಬರಿದಾಗಿರಬಾರದು. ಪಾಂತೋಹನು ಒಂದೊಂದು ಮುತ್ತನ್ನೂ ನಿಷ್ಠೆಯಿಂದ ಬರೆದನು. ಅವನ ಕುಂಚದಲ್ಲಿ ಕೊಂಚ ಬಿಗುವುಂಟು. ಆದರೂ ಆ ಬಿಗುವಿನ ಹಿಂದೆ, ಪರಿಚಿತಳಾದ ಗೆಳತಿಯ ಮುಂದೆ ನಿಂತ ತರುಣಿಯೊಬ್ಬಳ ಶಾಂತದೃಷ್ಟಿಯು ಇಂದಿಗೂ ಕಾಣುತ್ತದೆ.

ಹೀಗೆ ರಾಣಿಯ ಮುಖ ಉಳಿಯಿತು. ಅದನ್ನು ಮೊದಲು ಕಂಡವಳ ಹೆಸರು ಮಾತ್ರ ಮಸುಕಾಯಿತು. ಬೆಂಕಿಗೆ ಸಿಕ್ಕದೆ ಉಳಿದ ಸೊಫೋನಿಸ್ಬಾಳ ಪಟಗಳೂ ಸಹಿಯಿಲ್ಲದ ಕಾರಣ ಅನ್ಯರ ಹೆಸರಿಗೆ ಸಂದುವು. ಜಪಮಾಲೆಯನ್ನು ಹಿಡಿದ ಎರಡನೆಯ ಫಿಲಿಪನ ಪ್ರಸಿದ್ಧ ಪಟವು ಬಹುಕಾಲ ಸಾಂಚೆಸ್ ಕೊಯೆಲ್ಯೊವಿನದೆಂದೇ ಎಣಿಸಲ್ಪಟ್ಟಿದ್ದಿತು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ವಿದ್ವಾಂಸರು ಹಳೆಯ ದಾಖಲೆಗಳನ್ನೂ ಚಿತ್ರಗಳನ್ನೂ ಒರೆಹಚ್ಚಿ ನೋಡಿ ಅದನ್ನು ಅವಳಿಗೆ ಮರಳಿ ಕೊಟ್ಟರು. 2019ರಲ್ಲಿ, ಪ್ರಾದೋ ಚಿತ್ರಶಾಲೆಗೆ 200 ವರ್ಷ ತುಂಬಿದಾಗ, ಅವಳ ಕೃತಿಗಳನ್ನು ಲವೀನಿಯಾ ಫೊಂತಾನಾ ಎಂಬ ಇನ್ನೊಬ್ಬ ಚಿತ್ರಕಾರ್ತಿಯ ಕೃತಿಗಳೊಡನೆ ಅಲ್ಲಿ ಪ್ರದರ್ಶಿಸಿದರು.

ಸೊಫೋನಿಸ್ಬಾ ದೀರ್ಘಾಯುವಾಗಿ ಬಾಳಿದಳು. 1624ರಲ್ಲಿ ತರುಣ ಚಿತ್ರಕಾರ ವ್ಯಾನ್ ಡೈಕ್ ಪಲೆರ್ಮೋ ನಗರದಲ್ಲಿ ಆ ವೃದ್ಧೆಯನ್ನು ಕಂಡು, ಅವಳ ರೂಪವನ್ನು ತನ್ನ ಪುಸ್ತಕದಲ್ಲಿ ಗೀಚಿಕೊಂಡನು. ಮರುವರ್ಷ ಅವಳು ತೀರಿಕೊಂಡಳು.

ಮೂರನೆಯ ಫಿಲಿಪನು ಅಷ್ಟಾಗಿ ಹಂಬಲಿಸಿದ ಆಂಟಿಯೋಪೆಯ ಚಿತ್ರವನ್ನು ಅವನ ಮಗನು 1623ರಲ್ಲಿ ಇಂಗ್ಲೆಂಡಿನ ಯುವರಾಜನಿಗೆ ಉಡುಗೊರೆಯಾಗಿ ಕೊಟ್ಟುಬಿಟ್ಟನು. ಅದೀಗ ಪ್ಯಾರಿಸ್ಸಿನ ಲೂವ್ರ್ ಚಿತ್ರಶಾಲೆಯಲ್ಲಿದೆ. ಮತ್ತೆ ಬರೆಯಿಸಬಹುದೆಂದು ಅವನು ಬದಿಗಿಟ್ಟವುಗಳ ಸಾಲಿಗೆ ಸೇರಿದ ರಾಣಿಯ ಮುಖವು ಮ್ಯಾಡ್ರಿಡ್ಡಿನಲ್ಲಿಯೇ ಇದೆ. ಪಟವನ್ನು ಮತ್ತೆ ಬರೆಯಿಸಲು ಒಂದು ವರ್ಷ ಸಾಕಾಯಿತು. ಅದನ್ನು ಮೊದಲು ಬರೆದವಳಿಗೆ ಸಲ್ಲಬೇಕಾದ ಕೀರ್ತಿಯನ್ನು ಸಲ್ಲಿಸಲು ಸುಮಾರು ನಾಲ್ಕು ಶತಮಾನಗಳು ಹಿಡಿದುವು.